ಒಳಗಿಂದೋ, ಹೊರಗಿಂದೋ?

ಹೋದ ವಾರ ಒಂದು ಹೊಸ ಗಡಿಗೆ ತಂದೆ. ಬಳ್ಳಾರಿಯ ಬಿಸಿಲಿಗೆ ಫ್ರಿಜ್ಜಿನ ನೀರು ಕುಡಿದರೆ ಗಂಟಲು ಕೆಡುತ್ತದೆ ಎಂದು ಅವ್ವ ಪ್ರತಿ ಬೇಸಿಗೆಯಲ್ಲೂ ಹೇಳುತ್ತಾಳೆ, ನಾನು ಪ್ರತಿ ಬೇಸಿಗೆಯಲ್ಲೂ ತಡಮಾಡುತ್ತೇನೆ. ಈ ಸಲ ರಸ್ತೆ ಬದಿಯಲ್ಲಿ ಗಡಿಗೆ ಇಟ್ಟುಕೊಂಡು ಕೂತಿದ್ದವಳ ಹತ್ತಿರ ಚೌಕಾಸಿ ಮಾಡದೆ ತಂದು, ತೊಳೆದು, ಮೊದಲ ನೀರು ಹೊಯ್ದೆ. ಹಸಿ ಮಣ್ಣಿನ ವಾಸನೆ ಅಡುಗೆಮನೆ ತುಂಬ ಎದ್ದಿತು. ಅರ್ಧ ಗಂಟೆಗೆ ನೆಲವೂ ಒದ್ದೆ. ತಳದಲ್ಲಿ ಸೂಜಿಮೊನೆಯಷ್ಟು ತೂತು.

"ಒಯ್ದು ಕೊಟ್ಟು ಬ್ಯಾರೇದು ತಗೊಂಡು ಬಾ" ಅಂದಳು ಅವ್ವ.

ತಳಕ್ಕೆ ಒಂದು ಬೋಗುಣಿ ಇಟ್ಟೆ. ತೊಟ್... ತೊಟ್... ಹನಿ ಬೀಳತೊಡಗಿತು. ನನ್ನ ಬಲಗಿವಿಯಲ್ಲಿ ಎಂಟು ವರ್ಷದಿಂದ ಬಿಡದೆ ಕೂಗುತ್ತಿರುವ ಸಣ್ಣ ಸುಂಯ್ ಸದ್ದು ಆ ಹನಿಗೆ ದಾರಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಿತು. ಆ ಜಾಗದಲ್ಲಿ ಬಾಯ್ಲರ್ ತಾತ ಬಂದು ಕೂತ.

ಸಿರುಗುಪ್ಪದ ಅಂಚಿನಲ್ಲಿದ್ದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವನು. ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಆದರೆ ಯಾರ ಬಾಯಲ್ಲೂ ಇರಲಿಲ್ಲ. ಹಮಾಲರಿಗೂ, ಭತ್ತ ಹರವುವ ಹೆಣ್ಣುಮಕ್ಕಳಿಗೂ, ಸಾವುಕಾರರಿಗೂ ಅವನು ಬಾಯ್ಲರ್ ತಾತ. ನಾನು ಬಿ.ಎಸ್ಸಿ. ಮುಗಿಸಿ ಅಲ್ಲಿಗೆ ಸೇರಿದ್ದೆ. ಆಗ ನಾವಿದ್ದ ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಭತ್ತದ ತೇವ ಅಳೆಯುವುದು, ಬೆಂದ ಭತ್ತದ ಮಾದರಿ ತೆಗೆದು ನೋಡುವುದು ನನ್ನ ಕೆಲಸ. ಆ ಗಿರಣಿಯಲ್ಲಿ ಸ್ಟೀಮ್ ಅಕ್ಕಿ ಮಾಡುತ್ತಿದ್ದರು. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಬಾಯ್ಲರಿನಿಂದ ಕೊಳವೆಯಲ್ಲಿ ಬರುವ ಉಗಿಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕುವುದು. ಮಾದರಿ ತೆಗೆಯಲು ದಿನಕ್ಕೆ ಹತ್ತಾರು ಸಲ ಆ ಕೊಳವೆಯ ಪಕ್ಕದಲ್ಲೇ ಓಡಾಡಬೇಕಿತ್ತು.

ಮೊದಲ ದಿನವೇ ನಾನು ಕಂಡದ್ದು ತಾತನ ಪರಕೆಯನ್ನು. ಉದ್ದನೆಯ ಕಡ್ಡಿಪರಕೆಗೆ ಇನ್ನೂ ಉದ್ದದ ಬಿದಿರು ಕಟ್ಟಿಕೊಂಡು, ಅದನ್ನು ಮುಂದೆ ಚಾಚಿ, ಕುರುಡರು ಕೋಲು ಹಿಡಿದಂತೆ ಕೊಳವೆಯ ಗುಂಟ ನಡೆಯುತ್ತಿದ್ದ. ಜಾಯಿಂಟು ಬಂದಲ್ಲೆಲ್ಲ ನಿಂತು ಪರಕೆಯ ತುದಿಯನ್ನು ಸುತ್ತಲೂ ಆಡಿಸುತ್ತಿದ್ದ.

"ಏ ತಾತಾ, ಬಾಯ್ಲರಿಗೆ ದೃಷ್ಟಿ ತೆಗಿಯಾಕತ್ತಿಯೇನು?" ಎಂದು ಚೀಲ ಹೊತ್ತಿದ್ದ ಹಮಾಲನೊಬ್ಬ ಕೂಗಿದ.

"ಹೌದಲೇ, ದಿನಾ ನಿನ್ನ ಕಣ್ಣು ಬೀಳ್ತೈತಲ್ಲ ಅದರ ಮ್ಯಾಲೆ. ನನ್ನ ಬಾಯ್ಲರ್ ಸೊರಗೈತಿ ನೋಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನನ್ನ ಕಡೆ ತಿರುಗಿ, "ಓದಿದಾಕಿ ನೀನೂ ನಗ್ತೀಯೇನವ್ವಾ? ಉಗಿ ಕಣ್ಣಿಗೆ ಕಾಣ್ತೈತೇನು ಹೇಳು" ಅಂದ. ಬೆಳ್ಳಗೆ ಕಾಣುತ್ತದಲ್ಲ ಅಂದೆ. "ಅದು ತಣ್ಣಗಾದ ಉಗಿ. ತೂತಿನ ಬಾಯಾಗ ಇರೋದು ಕಾಣಂಗಿಲ್ಲ. ಕಾಣ್ಲಿಲ್ಲ ಅಂತ ಕೈ ಇಟ್ಯೋ, ಕೈ ಹೋತು. ಪರಕಿ ಇಟ್ರ ಕಡ್ಡಿ ಹಾರ್ತಾವ." ನಾನು ರಸಾಯನಶಾಸ್ತ್ರದಲ್ಲಿ ಓದಿದ್ದೆ, ಆದರೆ ಓದಿದ್ದು ನೆನಪಾದದ್ದು ಆಗಲೇ.

ಪರಕೆಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ತಿಳಿಯಲು ಎರಡು ಮೂರು ತಿಂಗಳು ಬೇಕಾಯಿತು. ಒಂದು ಬೆಳಗ್ಗೆ ತಾತ ಪರಕೆ ಹಿಡಿದು ನಿಂತವನು ಸುಮ್ಮನೆ ನನ್ನನ್ನು ಕೇಳಿದ:

"ನಿನಗೇನಾರ ಕೇಳ್ತೈತೇನವ್ವಾ? ಸಣ್ಣಗ, ಸುಂಯ್ ಅಂತ? ಕುಕ್ಕರ್ ಸೀಟಿ ಹೊಡಿಯೋಕಿಂತ ಮುಂಚೆ ಬರ್ತೈತಲ್ಲ, ಹಂಗ?"

ನಾನು ಮುಖ ಮೇಲೆತ್ತಿ, ಉಸಿರು ಹಿಡಿದು ಕೇಳಿದೆ. ಗಿರಣಿಯ ಗಡಗಡ, ಹೊಟ್ಟು ಉರಿಯುವ ಸದ್ದು, ನೀರಿನ ಪಂಪು. ಸುಂಯ್ ಇರಲಿಲ್ಲ. ಇಲ್ಲ ಅಂದೆ.

"ಹಂಗಾದ್ರ ಒಳಗಿಂದು" ಅಂದು ಕಿವಿ ಮುಟ್ಟಿ ತೋರಿಸಿದ.

ಭತ್ತದ ಹೊಟ್ಟು ಬಿಡಿಸುವ ಹಳೆಯ ಹಲ್ಲರ್ ಗಿರಣಿಗಳ ಕಾಲದಿಂದ ಅವನು ಯಂತ್ರದ ಪಕ್ಕದಲ್ಲೇ ಬದುಕಿದವನು. ಮೂವತ್ತು ವರ್ಷದಿಂದ ಎರಡೂ ಕಿವಿಯಲ್ಲಿ ಆ ಸದ್ದು ಇದೆಯಂತೆ. ಹಗಲು, ಇರುಳು, ಹಬ್ಬ, ಹುಣ್ಣಿಮೆ ಯಾವುದಕ್ಕೂ ಬಿಡುವಿಲ್ಲ. ಆರಂಭದಲ್ಲಿ ತಲೆ ಕೆಟ್ಟು ಗೋಡೆಗೆ ಹಣೆ ಬಡಿದುಕೊಂಡಿದ್ದನಂತೆ. ಆಮೇಲೆ ರೂಢಿಯಾಯಿತು. ಆದರೆ ರೂಢಿಯಾದದ್ದೇ ಅವನ ಕಷ್ಟ. ಕೊಳವೆ ಸೋರಿದರೆ ಬರುವ ಸದ್ದೂ ಅದೇ, ಕಿವಿಯೊಳಗಿನ ಸದ್ದೂ ಅದೇ. ಒಳಗಿನದನ್ನು ಲೆಕ್ಕಿಸದೆ ಇರಲು ಕಲಿತವನಿಗೆ ಹೊರಗಿನದು ಬಂದರೆ ಗೊತ್ತಾಗುವುದು ಹೇಗೆ? ಅದಕ್ಕೇ ಪರಕೆ. ಕಿವಿಯ ಕೆಲಸವನ್ನು ಅವನು ಕಡ್ಡಿಗಳಿಗೆ ವಹಿಸಿದ್ದ.

"ಯಾರಿಗೂ ಹೇಳಬ್ಯಾಡವ್ವಾ. ಬಾಯ್ಲರಿನವನಿಗೆ ಕಿವಿ ಸರಿ ಇಲ್ಲ ಅಂದ್ರ ಮನಿಗೆ ಕಳಿಸ್ತಾರ."

ನಾನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಅದು ನಮ್ಮಿಬ್ಬರ ದಿನಚರಿಯಾಯಿತು. ಬೆಳಗ್ಗೆ ಉಗಿ ಏರಿದ ಮೇಲೆ ಪರಕೆಯ ಸುತ್ತು ಮುಗಿಸಿ ನನ್ನ ಕಡೆ ನೋಡಿ ಕೇಳುವನು: "ಒಳಗಿಂದೋ, ಹೊರಗಿಂದೋ?" ನಾನು ಮುಖ ಮೇಲೆತ್ತಿ, ಉಸಿರು ಹಿಡಿದು, ಕೇಳಿ, "ಒಳಗಿಂದ ತಾತ" ಅನ್ನುವೆ. "ಹಂಗಾದ್ರ ಬಿಡು, ಅದು ನಮ್ಮ ಮನಿ ಬೆಕ್ಕು. ಅಡ್ಯಾಡ್ಲಿ" ಅನ್ನುವನು. ಹೊರಗಿನದಾದರೆ ಏನು ಅಂತ ಒಮ್ಮೆ ಕೇಳಿದೆ. "ಅದು ಹಾವು" ಅಂದ. ಒಂದು ಸಲ ನಿಜವಾಗಿಯೂ ಹೊರಗಿನದೇ ಆಗಿತ್ತು. ನಾನು ಹೇಳಿದೆ, ಅವನು ವಾಲ್ ಮುಚ್ಚಿದ, ಜಾಯಿಂಟಿನ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದ, ಅರ್ಧ ದಿನದಲ್ಲಿ ಕೆಲಸ ಮತ್ತೆ ನಡೆಯಿತು. ಆ ದಿನ ನನಗೆ ಡಿಗ್ರಿ ಸಿಕ್ಕಿದ ದಿನಕ್ಕಿಂತ ಹೆಚ್ಚು ಹೆಮ್ಮೆಯಾಗಿತ್ತು.

ಆಮೇಲೆ ಆಯುಧ ಪೂಜೆ ಬಂತು.

ಆ ಮಧ್ಯಾಹ್ನವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೋ... ಪ್ರತಿ ಸಲವೂ ಒಂದೇ ಕಡೆ ಬಂದು ನಿಲ್ಲುತ್ತೇನೆ. ಬೆಳಗ್ಗೆಯೇ ಗಿರಣಿ ತೊಳೆದಿದ್ದರು. ಬಾಯ್ಲರಿಗೆ ವಿಭೂತಿಯ ಮೂರು ಪಟ್ಟಿ ಬಳಿದು, ಕೊಳವೆಗೆ ಮಾವಿನ ತೋರಣ ಕಟ್ಟಿ, ಜಾಯಿಂಟಿನ ಮಗ್ಗುಲಿಗೆ ಬಾಳೆಕಂದು ನಿಲ್ಲಿಸಿದ್ದರು. ಎಲ್ಲ ಸಾಮಾನುಗಳು ಬಾಯ್ಲರಿನ ಪಾದದಲ್ಲಿ ಸಾಲಾಗಿ ಕೂತಿದ್ದವು. ಪಾನಾ, ಸುತ್ತಿಗೆ, ಸಲಿಕೆ, ನನ್ನ ತೇವ ಅಳೆಯುವ ಮೀಟರು. ತಾತ ತನ್ನ ಪರಕೆಯನ್ನು ತಾನೇ ತೊಳೆದು, ಬಿದಿರಿಗೆ ಕುಂಕುಮ ಹಚ್ಚಿ, ಎಲ್ಲದರ ನಡುವೆ ಮಲಗಿಸಿದ. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಎತ್ತಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ.

ಆ ದಿನ ಬಾಯ್ಲರ್ ಹಚ್ಚುವುದೇ ಇರಲಿಲ್ಲ. ಆದರೆ ಎರಡನೇ ತೊಟ್ಟಿಯ ಭತ್ತ ಹಿಂದಿನ ದಿನದಿಂದ ನೆನೆದಿತ್ತು. ಊಟದ ಹೊತ್ತಿಗೆ ಅದರಿಂದ ಹುಳಿ ವಾಸನೆ ಏಳತೊಡಗಿತು. ಮೂಸಿ ನೋಡಿ ಸಾವುಕಾರರಿಗೆ ಹೇಳಿದವಳು ನಾನೇ. ಅವರು ತೊಟ್ಟಿಯ ಹತ್ತಿರ ಬಂದು ಮೂಗು ಮುಚ್ಚಿಕೊಂಡರು.

"ನೆನಸಿದ ನೆಲ್ಲು ಹಬ್ಬ ಅಂತ ಕಾಯ್ತೈತೇನಪ್ಪಾ? ಒಂದು ತಾಸು ಉಗಿ ಬಿಡು ತಾತಾ, ಸಾಕು."

ತಾತ ಬಾಯ್ಲರ್ ಹಚ್ಚಿದ. ಒತ್ತಡ ಏರಿತು. ಪರಕೆಯ ಕಡೆ ಕೈ ಚಾಚಿದ್ದನ್ನು ನಾನು ನೋಡಿದೆ. ಕೈ ಅರ್ಧಕ್ಕೆ ನಿಂತು ಹಿಂದಕ್ಕೆ ಬಂತು. "ಕುಂತ ದೇವ್ರನ್ನ ಎಬ್ಬಿಸಬಾರ್ದು" ಎಂದು ತನಗೆ ತಾನೇ ಅಂದುಕೊಂಡ. ಅಂಗಳದಲ್ಲಿ ಸ್ಪೀಕರಿನ ಹಾಡು ಕಿವಿ ಗಡಚಿಕ್ಕುತ್ತಿತ್ತು. ಅವನು ದೂರದಿಂದಲೇ ಕೂಗಿ ಕೇಳಿದ:

"ಏನವ್ವಾ, ಒಳಗಿಂದೋ, ಹೊರಗಿಂದೋ?"

ನಾನು ಹೊಸ ಚೂಡಿದಾರ ಹಾಕಿಕೊಂಡು ಬಾಯ್ಲರಿನ ಅಲಂಕಾರದ ಫೋಟೋ ತೆಗೆದು ಗೆಳತಿಗೆ ಕಳಿಸುತ್ತಿದ್ದೆ. ಫೋನಿನಿಂದ ಮುಖ ಎತ್ತಲಿಲ್ಲ.

"ಒಳಗಿಂದ ತಾತಾ!"

ಇಷ್ಟೇ. ಕೇಳದೆ ಹೇಳಿದ ಎರಡು ಶಬ್ದ. ಫೋನು ಚೀಲಕ್ಕೆ ಹಾಕಿ, ಮಾದರಿ ತೆಗೆಯಲು ಪಾತ್ರೆ ಹಿಡಿದು ಕೊಳವೆಯ ಪಕ್ಕ ನಡೆದೆ. ಜಾಯಿಂಟಿನಿಂದ ಬರುತ್ತಿದ್ದ ಬಿಳಿ ಹೊಗೆಯನ್ನು ಬಾಳೆಕಂದಿನ ಎಲೆಗಳು ಮರೆಮಾಡಿದ್ದವು. ಆಗ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ಬೆನ್ನಡಿಯಾಗಿ ಹೊಟ್ಟಿನ ರಾಶಿಯ ಮೇಲೆ ಬಿದ್ದೆ. ಬೀಳುತ್ತಿದ್ದಂತೆಯೇ ತಲೆಯ ಬಲಮಗ್ಗುಲಿಗೆ ಸಿಡಿಲು ಹೊಡೆಯಿತು.

ಜಾಯಿಂಟಿನ ಪ್ಯಾಕಿಂಗ್ ಕಿತ್ತು ಹೋಗಿತ್ತು. ನಾನು ನಿಂತಿದ್ದ ಜಾಗದಲ್ಲಿ ಉಗಿಯ ಗೋಡೆ ಎದ್ದಿತ್ತು. ಬಾಳೆಕಂದು ನನ್ನ ಕಣ್ಣೆದುರೇ ಬೆಂದು ಕಪ್ಪಗೆ ಜೋತು ಬಿತ್ತು. ಆ ಉಗಿಯ ಕೂಗಿನೊಳಕ್ಕೆ ತಾತ ಒದ್ದೆ ಗೋಣಿಚೀಲ ಹೊದ್ದು ನುಗ್ಗಿದ್ದು ಕಂಡಿತು. ವಾಲ್ ತಿರುಗಿಸುವವರೆಗೆ ಎಷ್ಟು ಹೊತ್ತಾಯಿತೋ... ಎರಡು ನಿಮಿಷ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ. ಸದ್ದು ನಿಂತಾಗ ಅವನ ಎಡಗೈ ಮೊಣಕೈವರೆಗೆ ಸುಲಿದಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಹಾಡು ಮಾತ್ರ ಹಾಗೆಯೇ ನಡೆದಿತ್ತು. ಆದರೆ ನನಗೆ ಅದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

ನನ್ನ ಜಡೆ ಎಳೆದವನು ತಾತನೇ. ಅವನಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ತಿಳಿಯಿತು. ಗಾಳಿ ಇರಲಿಲ್ಲ. ತೋರಣದ ಎಲೆಗಳೆಲ್ಲ ಸುಮ್ಮನೆ ತೂಗಿದ್ದವು. ಜಾಯಿಂಟಿನ ಮೇಲಿನ ಒಂದೇ ಒಂದು ಮಾವಿನೆಲೆ ಪಟಪಟ ಬಡಿಯುತ್ತಿತ್ತು.

ತನಿಖೆ ದೊಡ್ಡದಾಗಿ ಏನೂ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ತಾತನ ಮಗ ಗಾಬರಿಯಲ್ಲಿ, ಅಪ್ಪನಿಗೆ ಕಿವಿ ಮೊದಲಿನಿಂದಲೂ ಸರಿಯಿಲ್ಲ ಎಂದುಬಿಟ್ಟ. ಸಾವುಕಾರರಿಗೆ ಅಷ್ಟು ಸಾಕಾಯಿತು. "ಕಿವುಡನ್ನ ಬಾಯ್ಲರಿಗೆ ಇಟ್ಕಂಡಿದ್ದು ನನ್ನ ತಪ್ಪು" ಎಂದು ಎಲ್ಲರೆದುರು ಅಂದರು. ಸುಟ್ಟ ಕೈಗೆ ಔಷಧ ಕೊಡಿಸಿ ತಾತನನ್ನು ಊರಿಗೆ ಕಳಿಸಿದರು. ನಾನು ಅಲ್ಲೇ ನಿಂತಿದ್ದೆ. ಸದ್ದನ್ನು ಕೇಳಬೇಕಾಗಿದ್ದವನು ಅವನಲ್ಲ, ನಾನು ಎಂದು ಹೇಳಬೇಕಿತ್ತು.

ಆಯುಧ ಪೂಜೆಯ ಮರುದಿನ ಬೆಳಗ್ಗೆ ಎದ್ದಾಗಲೇ ಬಲಗಿವಿಯಲ್ಲಿ ಅದು ಕೂತಿತ್ತು. ಸುಂಯ್. ಕುಕ್ಕರ್ ಸೀಟಿ ಹೊಡೆಯುವುದಕ್ಕಿಂತ ಮುಂಚೆ ಬರುತ್ತದಲ್ಲ, ಹಾಗೆ.

ಅವ್ವ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ನೋವಿಗೆ ಚೀರಿದೆ. ಕುರುಗೋಡಿನಿಂದ ಬಳ್ಳಾರಿಗೆ ಬಂದು ಕಿವಿಯ ಡಾಕ್ಟರಮ್ಮನಿಗೆ ತೋರಿಸಿದಾಗ ಅವರು ದೀಪ ಹಿಡಿದು ನೋಡಿ ಅವ್ವನ ಕಡೆ ತಿರುಗಿದರು. "ಕಿವಿ ತಮಟೆ ಹರದೈತಿ, ಅದರಾಗ ಎಣ್ಣಿ ಬಿಟ್ಟೀರಲ್ಲಮ್ಮಾ! ಒಗ್ಗರಣಿ ಹಾಕಾಕ ಇದೇನು ಬಾಂಡ್ಲಿ ಅಂತ ತಿಳದೀರೇನು?" ಅಂದರು. ಅವ್ವ ಇವತ್ತಿಗೂ ಆ ಮಾತಿಗೆ ಸಿಟ್ಟಾಗುತ್ತಾಳೆ.

ತಮಟೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಂಡಿತು. ಸುಂಯ್ ಹೋಗಲಿಲ್ಲ. ಡಾಕ್ಟರಮ್ಮ ನಮ್ಮ ಸೀಮೆಯವರೇ ಆದ್ದರಿಂದ ನಮ್ಮ ಗದ್ದೆಯ ಭಾಷೆಯಲ್ಲೇ ತಿಳಿಸಿದರು. ಕಿವಿಯ ಒಳಗೆ ಕೂದಲಿನಂಥ ಎಳೆಗಳಿರುವ ಸಣ್ಣ ಜೀವಕೋಶಗಳಿವೆ, ಹೊರಗಿನ ಸದ್ದನ್ನು ಹಿಡಿದು ಮೆದುಳಿಗೆ ಮುಟ್ಟಿಸುವುದು ಅವು. ದೊಡ್ಡ ಸದ್ದು ಬಡಿದರೆ ಗಾಳಿಗೆ ಭತ್ತದ ಬೆಳೆ ಮಲಗಿದಂತೆ ಮಲಗುತ್ತವೆ. ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ. ಅಲ್ಲಿಂದ ಬರಬೇಕಾದ ಸದ್ದು ಬಾರದೆ ಹೋದಾಗ ಮೆದುಳು ಹುಡುಕಾಡಿ ತಾನೇ ವಾಲ್ಯೂಮ್ ಏರಿಸುತ್ತದೆ. ಆಗ ಕೇಳುವುದೇ ಈ ಗುಯ್‌ಗುಡುವಿಕೆ. ಇದನ್ನು ಅಳಿಸಿಹಾಕುವ ಮಾತ್ರೆ ಇಲ್ಲ. ಆದರೆ ಇದರ ಜತೆ ಚೆನ್ನಾಗಿ ಬದುಕಬಹುದು. ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ, ದೊಡ್ಡ ಸದ್ದಿನ ಹತ್ತಿರ ಕಿವಿ ಮುಚ್ಚಿಕೊಳ್ಳಿ, ನಿದ್ದೆ ಕೆಡಿಸಿಕೊಳ್ಳಬೇಡಿ, ಅದನ್ನು ಹುಡುಕಬೇಡಿ. ಒಂದೇ ಕಿವಿ ದಿಢೀರನೆ ಕೇಳದಾದರೆ, ಇಲ್ಲವೇ ನಾಡಿ ಬಡಿದಂತೆ ಸದ್ದು ಬಂದರೆ ಮಾತ್ರ ತಡಮಾಡದೆ ಓಡಿ ಬನ್ನಿ.

ಎಲ್ಲ ಅರ್ಥವಾಗಿತ್ತು. ಆದರೆ ಒಂದನ್ನೂ ಪಾಲಿಸಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮಂಚದ ಮೇಲೆ ಕೂತು ಕೇಳುತ್ತಿದ್ದೆ. ಇದೆಯೋ ಹೋಯಿತೋ? ಇರುತ್ತಿತ್ತು. ಇನ್ನೂ ಕೇಳಿದರೆ ಇನ್ನೂ ದೊಡ್ಡದಾಗುತ್ತಿತ್ತು. ಅದು ಕಾಯಿಲೆ ಎಂದು ನನಗೆ ಅನ್ನಿಸಿರಲಿಲ್ಲ. ಅವತ್ತು ಕೇಳದೆ ಹೇಳಿದವಳಿಗೆ ಜೀವಮಾನವಿಡೀ ಕೇಳು ಎಂದು ಕೊಟ್ಟ ಶಿಕ್ಷೆ ಎಂದುಕೊಂಡಿದ್ದೆ. ಶಿಕ್ಷೆಯನ್ನು ಮರೆಯುವುದು ಇನ್ನೊಂದು ತಪ್ಪಲ್ಲವೇ? ಗಿರಣಿ ಬಿಟ್ಟೆ. ಬಸ್ಸಿನ ಬ್ರೇಕಿನ ಸದ್ದಿಗೆ ಬೆಚ್ಚುತ್ತಿದ್ದೆ. ಮನೆಯಲ್ಲಿ ಕುಕ್ಕರ್ ಇಡುವುದನ್ನು ಅವ್ವ ನಿಲ್ಲಿಸಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ, ಇನ್ನು ತಾಳಲಾರೆ ಅನ್ನಿಸಿ, ಯಾರಿಗೂ ಹೇಳದೆ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಕೆಂಚನಗುಡ್ಡ. ತಾತನ ಮನೆ ಹೊಳೆಯ ಕಡೆಗಿತ್ತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಎಡಗೈಯ ಚರ್ಮ ಹೊಸ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅವನ ಮಗ್ಗುಲಲ್ಲೇ, ತೊಲೆಯಿಂದ, ಒಂದು ತೂತಿನ ಗಡಿಗೆ ತೂಗುತ್ತಿತ್ತು. ಕೆಳಗಿನ ಅಲ್ಯೂಮಿನಿಯಂ ಬೋಗುಣಿಗೆ ಹನಿ ಬೀಳುತ್ತಿತ್ತು. ತೊಟ್... ತೊಟ್... ಪಡಸಾಲೆಯೆಲ್ಲ ಹಸಿ ಮಣ್ಣಿನ ವಾಸನೆ.

"ನೋಡ್ರಿ ಅಕ್ಕಾರ, ನಮ್ಮ ಮಾವ ತನಗ ತಾನ ಅಭಿಷೇಕ ಮಾಡ್ಕಂತ ಕುಂತಾರ" ಅಂದಳು ಅವನ ಸೊಸೆ, ನೀರು ತಂದುಕೊಡುತ್ತ.

"ಈಶ್ವರನ ತಲಿ ಮ್ಯಾಲೂ ಹನಿ ಬೀಳ್ತೈತಿ, ಯಾಕಂತ ಗೊತ್ತೇನು?" ಅಂದ ತಾತ. "ವಿಷ ಕುಡದಾನಲ್ಲ. ಅವನ ಕಿವ್ಯಾಗೂ ಸುಂಯ್ ಅಂತಿರಬೇಕು."

ಸೊಸೆ ನಗುತ್ತ ಒಳಗೆ ಹೋದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚದುರಿಹೋಯಿತು.

"ತಾತಾ, ಅವತ್ತು ನಾ ಕೇಳಲೇ ಇಲ್ಲ. ಸುಮ್ನ ಹೇಳಿಬಿಟ್ಟೆ."

ಅವನು ಎದ್ದು ಬೋಗುಣಿಯ ನೀರನ್ನು ಮತ್ತೆ ಗಡಿಗೆಗೆ ಸುರಿದು ಕೂತ. ಆಮೇಲೆ ಹೇಳಿದ:

"ಗೊತ್ತವ್ವಾ. ದಿನಾ ಮಾರಿ ಮ್ಯಾಲೆತ್ತಿ ಉಸಿರು ಹಿಡಿದು ಕೇಳ್ತಿದ್ದಿ. ಅವತ್ತು ಮಾರಿ ಎತ್ತಲಿಲ್ಲ. ನಾ ನೋಡ್ದೆ. ನೋಡಿನೂ ನಂಬಿದೆ. ಪರಕಿ ಎತ್ತೋದು ತಪ್ಪಿತಲ್ಲ ಅಂತ ನನಗೂ ನಂಬಾಕ ಬೇಕಾಗಿತ್ತು."

ನಾನು ಅತ್ತೆ. ಅವನು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ನನ್ನ ಕಿವಿಯ ಸಂಗತಿ ಹೇಳಿದೆ. ಬಾಗಿಲು ಹಾಕಿಕೊಂಡು ಕೂರುವುದನ್ನೂ ಹೇಳಿದೆ, ಶಿಕ್ಷೆ ಎಂದುಕೊಂಡದ್ದನ್ನೂ ಹೇಳಿದೆ. ಆಗ ಮಾತ್ರ ಅವನು ಗದರಿದ.

"ಹುಚ್ಚೀ! ಶಿಕ್ಷಾ ಆಗಿದ್ರ, ನನಗ ಮೂವತ್ತು ವರ್ಷ ಮೊದ್ಲ ಯಾಕ ಕೊಟ್ರು? ನಾ ಆವಾಗ ಏನು ಮಾಡಿದ್ದೆ? ಸದ್ದಿಗೆ ಪಾಪ ಪುಣ್ಯ ಗೊತ್ತಿಲ್ಲ. ದಿನಾ ಎದ್ದು ನೀ ಅದರ ಬಾಗಿಲ ಬಡೀತಿ. ಬಡದ್ರ ಅದು ತೆಗೀಬೇಕಲ್ಲ? ಬೆಕ್ಕಿಗೆ ದಿನಾ ಹಾಲಿಟ್ಟು, ಹೋಗವಲ್ದು ಅಂದ್ರ ಹೆಂಗ?"

"ಮತ್ತ ಏನು ಮಾಡ್ಲಿ?"

"ಅದಕ್ಕ ಜೋಡಿ ಒಂದು ಸದ್ದು ಕೊಡು. ದೊಡ್ಡದು ಬ್ಯಾಡ, ಅದನ್ನ ಮುಚ್ಚೋದು ಬ್ಯಾಡ. ಮಗ್ಗಲಾಗ ಇರ್ಲಿ. ಇವೆರಡೂ ಮಾತಾಡ್ಕಂತಾವ, ನೀ ನಿನ್ನ ಕೆಲಸ ನೋಡು."

ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಅವರು ಹೇಳಿದಾಗ ತಲೆಗೆ ಹೋಗಿದ್ದು, ಇವನು ಹೇಳಿದಾಗ ಮೈಗೆ ಇಳಿಯಿತು.

ಆ ದಿನದಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮೊದಲ ವಾರ ಬೆಳಗ್ಗೆ ಬಾಗಿಲು ಹಾಕಿಕೊಳ್ಳದೆ ಇರಲು ಅವ್ವನಿಗೆ ಕೀಲಿ ಕೊಟ್ಟಿದ್ದೆ. ಫ್ಯಾನು ಸಣ್ಣಗೆ ತಿರುಗಲು ಬಿಟ್ಟೆ. ಎದ್ದ ತಕ್ಷಣ ಅಂಗಳಕ್ಕೆ ಹೋಗಿ ಹಕ್ಕಿ, ಪಕ್ಕದ ಮನೆಯ ಮಿಕ್ಸಿ, ಹಾಲಿನವನ ಗಾಡಿ, ಏನು ಸಿಕ್ಕರೂ ಕೇಳಿದೆ. ಒಂದು ದಿನ ಮಧ್ಯಾಹ್ನದ ಹೊತ್ತಿಗೆ, ಬೆಳಗ್ಗೆಯಿಂದ ಅದನ್ನು ನೆನೆದೇ ಇಲ್ಲ ಎಂದು ಹೊಳೆಯಿತು. ನೆನೆದ ಕೂಡಲೇ ಬಂತು, ಆದರೆ ಹೆದರಿಕೆ ಬರಲಿಲ್ಲ. ಅವ್ವ ಮತ್ತೆ ಕುಕ್ಕರ್ ಇಡತೊಡಗಿದಳು.

ಮಾಡಬೇಕಾದ ಕೆಲಸ ಇನ್ನೂ ಎರಡು ಇದ್ದವು. ಮೊದಲನೆಯದು, ತಾತನನ್ನು ಬಳ್ಳಾರಿಗೆ ಕರೆತರುವುದು. ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಕಿವಿ ತೋರಿಸಿರಲಿಲ್ಲ. ತೋರಿಸಿದರೆ ಕೆಲಸ ಹೋಗುತ್ತದೆ ಎಂಬ ಭಯ. ಈಗ ಹೋಗಲು ಕೆಲಸವೇ ಇರಲಿಲ್ಲ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸಣ್ಣ ಸದ್ದುಗಳು ಅವನಿಗೆ ಕೇಳುವುದು ನಿಂತು ಎಷ್ಟೋ ಕಾಲವಾಗಿತ್ತು. ಶ್ರವಣಯಂತ್ರ ಹಾಕಿದರು. ತಾತ ಮೇಲೆ ನೋಡಿ ಗಾಬರಿಯಾದ.

"ಯವ್ವಾ, ಈ ಫ್ಯಾನು ಇಷ್ಟು ಬಾಯಿ ಮಾಡ್ತೈತೇನು?"

ಹೊರಗಿನ ಸದ್ದು ಒಳಗೆ ಬರತೊಡಗಿದ ಮೇಲೆ ಒಳಗಿನದು ತಗ್ಗಿತು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವನೇ ಹೇಳಿದ: "ಬೆಕ್ಕು ಮೂಲ್ಯಾಗ ಹೋಗಿ ಕುಂತೈತಿ ನೋಡು." ಬಸ್ಸು ಹತ್ತುವಾಗ, "ಮೊದ್ಲ ಬಂದಿದ್ರ..." ಅಂದ.

ಎರಡನೆಯದು ನನ್ನದು. ಗಿರಣಿಗೆ ಹೋಗಿ, ಸಾವುಕಾರರ ಎದುರು ನಿಂತು, ಹಮಾಲರು ಕೇಳುವಂತೆಯೇ ಹೇಳಿದೆ. ತಾತನ ಕಿವಿಯ ಸಂಗತಿ ನನಗೆ ಗೊತ್ತಿತ್ತು, ಅವನ ಕಿವಿಯಾಗಿ ಕೇಳುವ ಕೆಲಸ ನಾನು ಒಪ್ಪಿಕೊಂಡಿದ್ದೆ, ಆ ದಿನ ಕೇಳದೆ ಹೇಳಿದೆ. ಸಾವುಕಾರರು ಕನ್ನಡಕ ತೆಗೆದು ಒರೆಸಿದರು.

"ಇದನ್ನ ಆವಾಗಲೇ ಹೇಳಬಾರದಿತ್ತೇನಮ್ಮಾ?"

"ಹೇಳಬೇಕಿತ್ತು ರೀ."

"ನೆಲ್ಲು ಕೆಡ್ತೈತಿ ಅಂತ ಹಬ್ಬದ ದಿನ ಹಚ್ಚಿಸಿದವ ನಾನು" ಅಂದರು ಅವರು, ಮೆಲ್ಲಗೆ. ಕನ್ನಡಕ ಹಾಕಿಕೊಂಡು, "ಕರಿ ಅವನ್ನ. ಬಂದು ಸೇರ್ಲಿ" ಅಂದರು.

ತಾತ ಸೇರಲಿಲ್ಲ. "ಕಿವುಡ ಅಂತ ಕಳಿಸಿದವ್ರು ಕಿವಿ ಬಂತು ಅಂತ ಕರದ್ರ ಓಡಬೇಕೇನು?" ಅಂದ. ಆದರೆ ಒಂದು ದಿನದ ಮಟ್ಟಿಗೆ ಬಂದ. ಇಸ್ತ್ರಿಯ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಕಿವಿಯಲ್ಲಿ ಯಂತ್ರ. ಹೊಸ ಬಾಯ್ಲರ್ ಆಪರೇಟರಿಗೆ ಪರಕೆ ಹಿಡಿಯುವುದನ್ನು ಕಲಿಸಿದ. ಅವನು ಸರ್ಟಿಫಿಕೇಟು ಇದ್ದವನು, ಮೊದಲು ಮುಖ ಗಂಟಿಕ್ಕಿದ. ಕಡ್ಡಿಗಳು ಒಂದು ವಾಲಿನ ಹತ್ತಿರ ಹಾರಿದ್ದನ್ನು ಕಂಡ ಮೇಲೆ ಬಾಯಿ ಮುಚ್ಚಿ ಕಲಿತ. ಕೆಲಸಗಾರರಿಗೆಲ್ಲ ಕಿವಿಗೆ ಹಾಕುವ ಮುಚ್ಚಳ ತರಿಸಬೇಕು ಅಂದ ತಾತ, ಸಾವುಕಾರರು ಒಪ್ಪಿದರು. ಹೊರಡುವ ಮೊದಲು ಎಲ್ಲರನ್ನೂ ನಿಲ್ಲಿಸಿ ಇನ್ನೊಂದು ಮಾತು ಹೇಳಿದ.

"ಆಯುಧ ಪೂಜಿಗೆ ಒಂದು ಹೊಸ ಪರಕಿ ತರ್ರಿ. ಕೆಲಸದ ಪರಕಿ ಕೆಲಸದಾಗ ಇರ್ಲಿ. ದೇವ್ರಿಗೆ ಸಿಟ್ಟು ಬಂದ್ರ ನನ್ನ ಹೆಸರು ಹೇಳ್ರಿ."

"ದೇವ್ರು ನಿನ್ನ ಮಾತು ಕೇಳ್ತಾನೇನು ತಾತಾ?" ಎಂದ ಹಳೇ ಹಮಾಲ.

"ಅವನಿಗೂ ಒಂದು ಮಶೀನ್ ಹಾಕಿಸಿದ್ರಾತು ಬಿಡಲೇ."

ಗಿರಣಿ ತುಂಬ ನಗು. ಅವನು ಆ ಅಂಗಳದಿಂದ ಹೊರಟದ್ದು ಆ ನಗುವಿನ ನಡುವೆ. ಮೊದಲ ಸಲ ಹೊರಟದ್ದಕ್ಕಿಂತ ಇದು ಬೇರೆಯಾಗಿತ್ತು. ನನಗೆ ಅಷ್ಟು ಸಾಕು.

ಆಮೇಲೆ ನನಗೆ ಬಳ್ಳಾರಿಯಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಅವ್ವನೂ ಜತೆಗೆ ಬಂದಳು. ವರ್ಷಕ್ಕೊಮ್ಮೆಯಾದರೂ ಕೆಂಚನಗುಡ್ಡಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ತಾತ ಕೇಳುತ್ತಿದ್ದ: "ಹೆಂಗೈತಿ ನಿಮ್ಮ ಮನಿ ಬೆಕ್ಕು?" ಅದು ಇತ್ತು. ಈಗಲೂ ಇದೆ. ನಿದ್ದೆ ಕೆಟ್ಟ ದಿನ, ಮನಸ್ಸು ಕೆಟ್ಟ ದಿನ ಜೋರಾಗಿ ಕೂಗುತ್ತದೆ, ಉಳಿದ ದಿನ ಮಲಗಿರುತ್ತದೆ. ಅದನ್ನು ಓಡಿಸುವ ಆಸೆ ಬಿಟ್ಟಿದ್ದೇನೆ, ಅದರ ಭಯವೂ ಬಿಟ್ಟಿದೆ. ಮದುವೆಯ ಬ್ಯಾಂಡು ಎದುರಾದರೆ ನಾಚಿಕೆಯಿಲ್ಲದೆ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೇನೆ. ಹೊಸದಾಗಿ ಕಿವಿಯ ಸದ್ದು ಶುರುವಾಗಿ ಹೆದರಿದವರು ಸಿಕ್ಕರೆ, ಮೊದಲು ಡಾಕ್ಟರಿಗೆ ತೋರಿಸಿ, ಎಣ್ಣೆ ಬಿಡಬೇಡಿ, ಆಮೇಲೆ ಒಂದು ತೂತಿನ ಗಡಿಗೆ ತನ್ನಿ ಅನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಎರಡು ವರ್ಷದ ಹಿಂದೆ ತಾತನ ಸೊಸೆ ಫೋನ್ ಮಾಡಿದಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಡಸಾಲೆಯಲ್ಲಿ ಹೊರಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಗಡಿಗೆ ತೊಲೆಗೆ ಹಾಗೆಯೇ ತೂಗುತ್ತಿತ್ತು, ಒಣಗಿ ಬಿಳಚಿಕೊಂಡು. "ನೀರು ಹಾಕಾಕ ಮನಸ್ಸ ಬರವಲ್ದ್ರೀ ಅಕ್ಕಾ" ಅಂದಳು ಸೊಸೆ. ಶ್ರವಣಯಂತ್ರವನ್ನು ಅವನ ಕನ್ನಡಕದ ಡಬ್ಬಿಗೆ ಹಾಕಿ ಗೋಡೆಯ ಮಾಡದಲ್ಲಿ ಇಟ್ಟಿದ್ದರು. ಆ ಮನೆಯಲ್ಲಿ ನಾನು ಎಂದೂ ಕೇಳಿರದಷ್ಟು ನಿಶ್ಶಬ್ದ... ನನ್ನ ಕಿವಿ ಅವತ್ತು ಕೂಗಿದಂತೆ ಮತ್ತೆಂದೂ ಕೂಗಿಲ್ಲ. ನಾನು ಅದನ್ನು ತಡೆಯಲಿಲ್ಲ. ಅಳುವವರು ಅಳಲಿ ಎಂದು ಬಿಟ್ಟೆ.

ಹೊಸ ಗಡಿಗೆಯನ್ನು ನಾನು ವಾಪಸು ಕೊಡಲಿಲ್ಲ. ಕಿಟಕಿಯ ಹತ್ತಿರ ತೂಗುಹಾಕಿದ್ದೇನೆ. ಕುಡಿಯುವ ನೀರಿಗೆ ಬೇರೆ ತಂದೆ. ಅವ್ವ ಎರಡು ದಿನ ಗೊಣಗಿದಳು, ಮೂರನೇ ದಿನ ತಾನೇ ನೀರು ತುಂಬಿಸಿದಳು.

ಇವತ್ತು ಬೆಳಗ್ಗೆ ಇದನ್ನು ಬರೆಯುತ್ತ ಕೂತಿದ್ದಾಗ ಸುಂಯ್ ಎಂದಿತು. ಹನಿಯ ಸದ್ದಿನ ಮಗ್ಗುಲಲ್ಲೇ, ಸಣ್ಣಗೆ. ಒಳಗಿನದೇ ಎಂದು ಕೈ ಬರೆಯುತ್ತಲೇ ಇತ್ತು. ಆಮೇಲೆ ಪೆನ್ನು ಕೆಳಗಿಟ್ಟು, ಮುಖ ಮೇಲೆತ್ತಿ, ಉಸಿರು ಹಿಡಿದೆ. ಎದ್ದು ಅಡುಗೆಮನೆಗೆ ಹೋದೆ. ಕುಕ್ಕರಿನ ಮುಚ್ಚಳದ ಅಂಚಿನಿಂದ ಉಗಿ ಸೋರುತ್ತಿತ್ತು. ಗ್ಯಾಸ್ ಆರಿಸಿದೆ.

"ಏನಾತು?" ಎಂದು ಹಿತ್ತಲಿನಿಂದ ಅವ್ವ ಕೂಗಿದಳು.

"ಹೊರಗಿಂದು" ಅಂದೆ.

ಅವ್ವನಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನು ಇಲ್ಲ. ಆದರೂ ಈಗ ಯಾರೂ ಕೇಳದಿದ್ದರೂ ನಾನು ಎದ್ದು ಹೋಗಿ ನೋಡಿಯೇ ಹೇಳುತ್ತೇನೆ.